ಕೆಲ್ಲಿ ಓಹಾರಾ ಅವರಿಗೆ ಒಪೆರಾ ಬಡ್ತಿಯಲ್ಲ

ನ್ಯೂಯಾರ್ಕ್‌ನ ಲಿಂಕನ್ ಸೆಂಟರ್ ಆವರಣದಲ್ಲಿ ಮೆಟ್ರೊಪಾಲಿಟನ್ ಒಪೆರಾ ಇದೆ, ಚಿಕ್ಕದಾಗಿ ಮೆಟ್. ಕಥೆಯನ್ನು ಹಾಡಿನಲ್ಲೇ ಹೇಳುವ ಒಪೆರಾಗಳ ದೊಡ್ಡ ಮನೆ ಅದು. ಸುಮಾರು 3,800 ಸೀಟು. ಹಾಡುವವರಿಗೆ ಮೈಕ್ ಇಲ್ಲ. ಅದೇ ಆವರಣದಲ್ಲಿ, ಪಕ್ಕದಲ್ಲೇ, ಬ್ರಾಡ್‌ವೇ ಅಂದರೆ ನ್ಯೂಯಾರ್ಕ್‌ನ ದೊಡ್ಡ ವೃತ್ತಿ ರಂಗಮಂದಿರಗಳ ಸಾಲಿಗೆ ಸೇರಿದ ವಿವಿಯನ್ ಬೋಮಾಂಟ್ ಥಿಯೇಟರ್ ಇದೆ. ಅಲ್ಲಿ ಸಾವಿರ ಚಿಲ್ಲರೆ ಸೀಟು, ಮ್ಯೂಸಿಕಲ್ (ಮಾತು, ಹಾಡು ಬೆರೆತ ನಾಟಕ) ಇದ್ದರೆ ಹಾಡುವವರಿಗೆಲ್ಲ ಮೈಕ್. ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುದನಿಯ ಗಾಯಕಿ, ಕೆಲ್ಲಿ ಓಹಾರಾ ಈ ಎರಡೂ ಕಡೆ ಹಾಡಿದ್ದಾರೆ. ಆದರೆ ಒಪೆರಾ ಪ್ರಿಯರ ನಡುವೆ ಅವರ ಮಾತು ಬಂದರೆ ಸಾಕು, "ಬ್ರಾಡ್‌ವೇಯಲ್ಲಿದ್ದವರು ಕೊನೆಗೂ ಒಪೆರಾ ಮಟ್ಟಕ್ಕೆ ಬಂದರು" ಅನ್ನೋರು ಇದ್ದೇ ಇರ್ತಾರೆ. ಈ ಮಾತು ಕೇಳಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಮೊದಲನೆಯದಾಗಿ ಅದು ಸುಳ್ಳು. ಓಕ್ಲಹೋಮಾದ ಈ ಹುಡುಗಿ ಓಕ್ಲಹೋಮಾ ಸಿಟಿ ಯೂನಿವರ್ಸಿಟಿಯಲ್ಲಿ ಕಲಿತದ್ದೇ ಒಪೆರಾ ಗಾಯನ. ಗುರು ಫ್ಲಾರೆನ್ಸ್ ಬರ್ಡ್‌ವೆಲ್. ಬ್ರಾಡ್‌ವೇ ತಾರೆ ಕ್ರಿಸ್ಟಿನ್ ಚೆನೊವೆತ್ ಕೂಡ ಅದೇ ಗುರುವಿನ ಶಿಷ್ಯೆ. ಆ ಪಾಠವನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡೇ ಅವರು ಮ್ಯೂಸಿಕಲ್‌ಗೆ ಹೋದರು. 2005ರಲ್ಲಿ ಬೋಮಾಂಟ್‌ನಲ್ಲಿ 'ದ ಲೈಟ್ ಇನ್ ದ ಪಿಯಾಜಾ'ದ ಕ್ಲಾರಾ ಆದರು. 2008ರಲ್ಲಿ ಅಲ್ಲೇ 'ಸೌತ್ ಪೆಸಿಫಿಕ್', 2015ರಲ್ಲಿ ಮತ್ತೆ ಅಲ್ಲೇ 'ದ ಕಿಂಗ್ ಅಂಡ್ ಐ'. ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂದದ್ದು ಈ ಕೊನೆಯದಕ್ಕೆ, ಆರನೇ ಸಲ ನಾಮನಿರ್ದೇಶನ ಆದಾಗ.

'ಸೌತ್ ಪೆಸಿಫಿಕ್' ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1949ರಲ್ಲಿ ಅದು ಮೊದಲು ರಂಗಕ್ಕೆ ಬಂದಾಗ ನಾಯಕನಾಗಿ ಹಾಡಿದವರು ಎಜಿಯೊ ಪಿಂಜಾ, ಮೆಟ್‌ನ ದೊಡ್ಡ ಬಾಸ್ (ತೀರಾ ತಗ್ಗಿನ ಗಂಡುದನಿ) ಗಾಯಕ. 2008ರಲ್ಲಿ ಓಹಾರಾ ಎದುರು ನಿಂತವರು ಪಾವ್ಲೊ ಜೋಟ್, ಬ್ರೆಜಿಲ್‌ನ ಒಪೆರಾ ಬ್ಯಾರಿಟೋನ್ (ಮಧ್ಯಮ ಗಂಡುದನಿಯ ಗಾಯಕ). ಕೆಳಗೆ 30 ವಾದ್ಯಗಾರರ ಆರ್ಕೆಸ್ಟ್ರಾ. ಇವತ್ತಿನ ಬ್ರಾಡ್‌ವೇ ಲೆಕ್ಕದಲ್ಲಿ ಅದು ಭಾರೀ ದೊಡ್ಡದು. ಹೀಗೆ ಒಪೆರಾ ದನಿ ಮತ್ತು ಮ್ಯೂಸಿಕಲ್ ಒಂದೇ ವೇದಿಕೆ ಮೇಲೆ ಇದ್ದದ್ದು ಹೊಸ ಸಂಗತಿಯೇನಲ್ಲ. ಸೊಪ್ರಾನೊ ಪೆಟ್ರೀಷಿಯಾ ನೆವೇ 1950ರಲ್ಲಿ ಸಂಗೀತಕಾರ ಮೆನೊಟ್ಟಿಯವರ ಒಪೆರಾ 'ದ ಕಾನ್ಸಲ್'ನ ನಾಯಕಿ. ಆ ಒಪೆರಾ ನಡೆದದ್ದೇ ಬ್ರಾಡ್‌ವೇಯ ಒಂದು ಥಿಯೇಟರಿನಲ್ಲಿ! ಅದೇ ನೆವೇ 1959ರಲ್ಲಿ 'ದ ಸೌಂಡ್ ಆಫ್ ಮ್ಯೂಸಿಕ್'ನ ಮದರ್ ಆಬೆಸ್ (ಸನ್ಯಾಸಿನಿಯರ ಮಠದ ಮುಖ್ಯಸ್ಥೆ) ಆಗಿ ಹಾಡಿ ಟೋನಿ ಗೆದ್ದರು.

ಇವೆರಡರ ನಡುವೆ ಗೋಡೆ ಕಟ್ಟಿದ್ದು ಸಂಸ್ಥೆಗಳು. ಹೆಲನ್ ಟ್ರಾಬೆಲ್ ಜರ್ಮನ್ ಸಂಗೀತಕಾರ ವಾಗ್ನರ್‌ರ ಒಪೆರಾ ಪಾತ್ರಗಳಿಗೆ ಮೆಟ್‌ನಲ್ಲಿ ಹೆಸರಾದ ಸೊಪ್ರಾನೊ. ಅವರು ನೈಟ್‌ಕ್ಲಬ್‌ಗಳಲ್ಲೂ ಹಾಡಿದ್ದು ಮೆಟ್‌ನ ಆಗಿನ ಮುಖ್ಯಸ್ಥ ರುಡಾಲ್ಫ್ ಬಿಂಗ್ ಅವರಿಗೆ ಹಿಡಿಸಲಿಲ್ಲ. 1953ರಲ್ಲಿ ಟ್ರಾಬೆಲ್ ಮೆಟ್ ಬಿಟ್ಟರು. ಎರಡು ವರ್ಷದ ನಂತರ ಬ್ರಾಡ್‌ವೇಯಲ್ಲಿ 'ಪೈಪ್ ಡ್ರೀಮ್' ಎಂಬ ಮ್ಯೂಸಿಕಲ್ ಮಾಡಿದರು. ಅಂಥ ದನಿಯನ್ನು ಎಲ್ಲಿ ಹಾಡಿದರು ಅನ್ನೋ ಕಾರಣಕ್ಕೆ ಕಳೆದುಕೊಳ್ಳೋದು ಮೂರ್ಖತನ, ಬೇರೆ ಪದ ಸಿಗ್ತಿಲ್ಲ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಕೆಲಸ ಬೇರೆ ಬೇರೆ. ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ದಾಟಿ ಕೊನೇ ಸಾಲಿಗೆ ದನಿ ಮುಟ್ಟಿಸಬೇಕು ಅಂದರೆ ಸೊಪ್ರಾನೊ ಎತ್ತರಕ್ಕೆ ಹೋದ ಹಾಗೆ ಬಾಯಿ ದೊಡ್ಡದಾಗಿ ತೆರೆಯಲೇಬೇಕು, ಬಾಯೊಳಗಿನ ಅನುರಣನ ಹಾಡುತ್ತಿರುವ ಸ್ವರಕ್ಕೆ ಕೂಡಿಕೊಂಡಾಗ ಮಾತ್ರ ದನಿ ದೂರ ಹೋಗುತ್ತದೆ. ಆಗ ಬಲಿಯಾಗೋದು ಮಾತು. 'ಈ' ಮತ್ತು 'ಊ' ನಮಗೆ ಬೇರೆ ಬೇರೆಯಾಗಿ ಕೇಳೋದು ಬಾಯಿಯ ಆಕಾರ ಬದಲಾಗೋದರಿಂದ. ಸೊಪ್ರಾನೊಳ ಮೇಲಿನ ಸಿ ಸ್ವರ ಸುಮಾರು 1,047 ಹರ್ಟ್ಜ್. ಅಷ್ಟು ಎತ್ತರದಲ್ಲಿ ಎಂಥ ಗಾಯಕಿ ಹಾಡಿದರೂ ಸ್ವರಾಕ್ಷರಗಳು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಒಪೆರಾದಲ್ಲಿ ಅದು ನಡೆಯುತ್ತದೆ, ಸಾಲುಗಳನ್ನು ಓದಿಕೊಳ್ಳೋಕೆ ಮೆಟ್‌ನಲ್ಲಿ ಪ್ರತಿ ಸೀಟಿನ ಮುಂದೆ ಪುಟ್ಟ ಪರದೆಯೇ ಇದೆ. ಮ್ಯೂಸಿಕಲ್‌ನಲ್ಲಿ ಒಂದು ಪದ ತಪ್ಪಿಹೋದರೆ ಕಥೆಯೇ ತಪ್ಪಿತು. ಜೊತೆಗೆ ವಾರಕ್ಕೆ ಎಂಟು ಪ್ರದರ್ಶನ, ತಿಂಗಳುಗಟ್ಟಲೆ. ಒಪೆರಾದ ಮುಖ್ಯ ಗಾಯಕರು ಎರಡು ಪ್ರದರ್ಶನಗಳ ನಡುವೆ ಸಾಮಾನ್ಯವಾಗಿ ಒಂದೆರಡು ದಿನ ಗಂಟಲಿಗೆ ವಿಶ್ರಾಂತಿ ಕೊಡುತ್ತಾರೆ. ಇದರಲ್ಲಿ ಯಾವುದು ಸುಲಭ, ಹೇಳಿ ನೋಡೋಣ?

ಮೆಟ್‌ಗೆ ಓಹಾರಾ ಬಂದದ್ದು 2014ರ ಡಿಸೆಂಬರ್ 31ಕ್ಕೆ, 'ದ ಮೆರ್ರಿ ವಿಡೋ'ದ ವಾಲೆನ್ಸಿಯೆನ್ ಪಾತ್ರದಲ್ಲಿ. ನಾಯಕಿ, ಹೆಸರಾಂತ ಒಪೆರಾ ಸೊಪ್ರಾನೊ ರೆನೆ ಫ್ಲೆಮಿಂಗ್. 2018ರಲ್ಲಿ ಮೊಜಾರ್ಟ್‌ನ 'ಕೋಸಿ ಫಾನ್ ತುತ್ತೆ'ಯ ಡೆಸ್ಪೀನಾ. ಕಥೆಯನ್ನು 1950ರ ದಶಕದ ನ್ಯೂಯಾರ್ಕ್‌ನ ಮೋಜಿನ ತಾಣ ಕೋನಿ ಐಲೆಂಡ್‌ಗೆ ತಂದ ನಿರ್ಮಾಣ ಅದು. ಅವರ ದನಿ ಅಷ್ಟು ದೊಡ್ಡ ಮನೆಗೆ ಸಣ್ಣದು ಅನ್ನೋ ಟೀಕೆಯನ್ನು ನಾನು ತಳ್ಳಿಹಾಕಲ್ಲ. ಮೆಟ್ ಪ್ರದರ್ಶನಗಳನ್ನು ಚಿತ್ರಮಂದಿರದ ನೇರಪ್ರಸಾರದಲ್ಲಿ ನೋಡಿ ಅದನ್ನು ತೀರ್ಮಾನಿಸೋಕೂ ಆಗಲ್ಲ, ಅಲ್ಲಿ ನಾವು ಕೇಳೋದು ಮೈಕ್ ಮೂಲಕ ಬಂದ ದನಿ. ಆದರೆ ಡೆಸ್ಪೀನಾಗೆ ಬೇಕಾದದ್ದು ಗಾತ್ರಕ್ಕಿಂತ ಚುರುಕು, ಮಾತಿನ ಹದ. ಅದನ್ನು ಅವರು ಕಲಿತದ್ದು ಬ್ರಾಡ್‌ವೇಯಲ್ಲಿ.

2022ರ 'ದ ಅವರ್ಸ್' ಬಂದ ಮೇಲಂತೂ ಈ 'ಬಡ್ತಿ' ವಾದಕ್ಕೆ ಅರ್ಥವೇ ಉಳಿಯಲಿಲ್ಲ ಅಂತ ನನ್ನ ಅನಿಸಿಕೆ. ಕೆವಿನ್ ಪುಟ್ಸ್ ಅವರ ಹೊಸ ಒಪೆರಾ. ಫ್ಲೆಮಿಂಗ್, ಒಪೆರಾ ಗಾಯಕಿ ಜಾಯ್ಸ್ ಡಿಡೊನಾಟೊ, ಓಹಾರಾ ಮೂವರಿಗೂ ಒಂದೇ ತೂಕದ ಪಾತ್ರ. ಓಹಾರಾ ಅವರದು 1949ರ ಲಾಸ್ ಏಂಜಲೀಸ್‌ನ ಗೃಹಿಣಿ ಲಾರಾ ಬ್ರೌನ್. ಹೊರಗೆ ಎಲ್ಲ ಸರಿ, ಒಳಗೆ ಉಸಿರು ಕಟ್ಟುವ ಬದುಕು. ಆ ಪಾತ್ರದಲ್ಲಿ ದನಿಯನ್ನು ತೋರಿಸಿಕೊಳ್ಳೋಕೆ ಹೋಗದೆ ಹಾಡೋದು ಬೇಕು. ಕೊನೆಯಲ್ಲಿ ಮೂವರೂ ಸೇರಿ ಹಾಡುವಾಗ ಯಾರು ಎಲ್ಲಿಂದ ಬಂದವರು ಅಂತ ನನಗೆ ನೆನಪೇ ಆಗಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಫ್ಲೆಮಿಂಗ್ 2018ರಲ್ಲಿ ಬ್ರಾಡ್‌ವೇಗೆ ಬಂದು 'ಕರೊಸೆಲ್'ನಲ್ಲಿ ನೆಟ್ಟಿ ಆದರು. 2019ರಲ್ಲಿ ಲಂಡನ್‌ನಲ್ಲಿ 'ಪಿಯಾಜಾ'ದ ತಾಯಿ ಮಾರ್ಗರೆಟ್ ಆದರು. ಅವರನ್ನು ಯಾರಾದರೂ "ಕೆಳಗೆ ಇಳಿದರು" ಅಂದರೆ ಅದೂ ಅಷ್ಟೇ ತಪ್ಪು.

ನನಗೆ ನಿಜವಾದ ಚಿಂತೆ ಬೇರೆ ಇದೆ. ಇವತ್ತಿನ ಹೊಸ ಮ್ಯೂಸಿಕಲ್‌ಗಳಲ್ಲಿ ನಾಯಕಿಯರು ಹೆಚ್ಚಾಗಿ ಎದೆಯ ದನಿಯನ್ನೇ (ಮಾತಾಡುವಾಗ ಬರುವ ಗಟ್ಟಿ ದನಿಯನ್ನು) ಎತ್ತರಕ್ಕೆ ತಳ್ಳಿ ಹಾಡುತ್ತಾರೆ. ಅದಕ್ಕೂ ಶಕ್ತಿ ಬೇಕು, ಇಲ್ಲ ಅನ್ನಲ್ಲ. ಆದರೆ ಸೊಪ್ರಾನೊಗಳಿಗೆ ಹಳೆಯ ಕೃತಿಗಳ ಮರುಪ್ರದರ್ಶನ ಬಿಟ್ಟರೆ ಜಾಗವೇ ಕಮ್ಮಿ. ಅದಕ್ಕೇ 2023ರಲ್ಲಿ ಬಂದ 'ಡೇಸ್ ಆಫ್ ವೈನ್ ಅಂಡ್ ರೋಸಸ್' ನನಗೆ ಅಷ್ಟು ಮುಖ್ಯ. 'ಪಿಯಾಜಾ' ಬರೆದ ಆಡಮ್ ಗೆಟೆಲ್ ಅವರದೇ ಸಂಗೀತ. ಕುಡಿತಕ್ಕೆ ಬಿದ್ದ ಹೆಂಗಸಿನ ಪಾತ್ರ, ಅದೂ ಓಹಾರಾ ಅವರ ದನಿಗೆ ಅಂತಲೇ ಬರೆದದ್ದು. ಈ ದನಿಗೆ ಇವತ್ತಿನ ಕಥೆ ಹೊಂದಲ್ಲ ಅನ್ನುವ ನಿರ್ಮಾಪಕರು ಅದರ ರೆಕಾರ್ಡಿಂಗ್ ಒಮ್ಮೆ ಪೂರ್ತಿ ಕೇಳಲಿ.