ತೆರೆ ಮೇಲೆ ಹಗರಣ, ಎದುರು ಕೂತು ನಗು: ಬೇಕಾ, ಬೇಡವಾ?

ರಾಜಕೀಯ ಹಗರಣಗಳನ್ನ ಸಿನಿಮಾ, ಟಿವಿಯಲ್ಲಿ ಕಾಮಿಡಿ ಮಾಡೋದು ಸರಿಯಾ ಅಂತ ಇಬ್ಬರನ್ನ ಕೇಳಿದ್ವಿ. ಇಬ್ರೂ ಕಾಸರಗೋಡಿನವರೇ.

ಪರ: ನಗೂದು ಬಿಟ್ರೆ ನಮ್ಮ ಹತ್ರ ಬೇರೆ ಎಂತ ಉಂಟು?
(ಬದಿಯಡ್ಕದ ಒಬ್ಬ ಸಿನಿಮಾ ಹುಚ್ಚ)

2022ರ ಆಗಸ್ಟ್, ಬಿಡದೆ ಮಳೆ, ನಾನೂ ಭಾವನೂ ಸ್ಕೂಟರಲ್ಲಿ ‘ನ್ನಾ ತಾನ್ ಕೇಸ್ ಕೊಡ್’ ಸಿನಿಮಾ ನೋಡ್ಲಿಕ್ಕೆ ಹೊರಟದ್ದು. ನಮ್ಮ ಜಿಲ್ಲೆಯ ಕಥೆ, ನಮ್ಮ ಕಡೆಯ ಮಲಯಾಳ, ಒಬ್ಬ ಹಳೇ ಕಳ್ಳ ರಸ್ತೆ ಗುಂಡಿಯ ದೆಸೆಯಿಂದ ಎಂಎಲ್ಎ ಮನೆ ಕಂಪೌಂಡ್ ಹಾರಿ ನಾಯಿ ಕೈಲಿ ಕಚ್ಚಿಸ್ಕೊಂಡು ಕೊನೆಗೆ ಮಂತ್ರಿಯನ್ನೇ ಕೋರ್ಟಿಗೆ ಎಳಿಯೂದು. ಪೇಪರಲ್ಲಿ ಬಂದ ಜಾಹೀರಾತಲ್ಲಿ ಥಿಯೇಟರಿಗೆ ಬರುವ ದಾರೀಲಿ ಗುಂಡಿ ಉಂಟು, ಆದ್ರೂ ಬನ್ನಿ ಅಂತ ಇತ್ತು, ಅಷ್ಟಕ್ಕೇ ಆಡಳಿತ ಪಕ್ಷದ ಅಭಿಮಾನಿಗಳು ಎಷ್ಟು ಜನ ಉರ್ಕೊಂಡು ಬಹಿಷ್ಕಾರ ಅಂತ ಕೂಗಿದ್ರು ಗೊತ್ತುಂಟಾ! ನಾವು ಆ ಜಾಹೀರಾತನ್ನೇ ಮಾತಾಡ್ಕೊಂಡು ನಗಾಡ್ತಾ ಹೋಗ್ತಿದ್ವಿ, ಪೇಟೆಗೆ ಎರಡು ಕಿಲೋಮೀಟರ್ ಉಂಟು ಅನ್ನುವಾಗ ನೀರು ತುಂಬಿದ ಒಂದು ಗುಂಡಿಗೆ ಮುಂದಿನ ಚಕ್ರ ಇಳೀತು ನೋಡಿ, ಭಾವ ಹಿಂದಿನಿಂದ ಸೀದಾ ಚರಂಡಿಗೆ. ಪುಣ್ಯಕ್ಕೆ ಎಂತ ಆಗ್ಲಿಲ್ಲ, ಒಂದು ಚಪ್ಪಲಿ ಹೋಯ್ತು. ಇಂಟರ್ವಲ್ ತನಕ ಅವನ ಪ್ಯಾಂಟಿಂದ ಕೆಂಪು ನೀರು ಇಳೀತಾ ಇತ್ತು, ಅದೇ ಸ್ಥಿತಿಯಲ್ಲಿ ಕೂತು ಅವನು ನಕ್ಕ ನಗು ಹೇಗಿತ್ತು ಹೇಳಿದ್ರೆ ಎದುರಿನ ಸೀಟಿನವರು ತಿರುಗಿ ನೋಡಿದ್ರು. ನನ್ನ ವಾದ ಅಷ್ಟೇ. ಚರಂಡಿಗೆ ಬಿದ್ದವನಿಗೆ ನಗುವ ಹಕ್ಕಾದ್ರೂ ಇರ್ಲಿ.

ಆ ಸಿನಿಮಾದಲ್ಲಿ ಮ್ಯಾಜಿಸ್ಟ್ರೇಟ್ ಆದವರು ಪಿ.ಪಿ. ಕುಞ್ಞಿಕೃಷ್ಣನ್, ನಮ್ಮ ಜಿಲ್ಲೆಯವರೇ, ಮೇಷ್ಟ್ರಾಗಿದ್ದವರು, ಪಂಚಾಯತ್ ಮೆಂಬರ್ ಕೂಡ ಆಗಿದ್ದವರು. ರಾಜಕೀಯ ಗೊತ್ತಿದ್ದ ಮನುಷ್ಯನೇ ರಾಜಕೀಯದ ತಮಾಷೆಗೆ ಕೂತ್ಕೊಂಡು ರಾಜ್ಯ ಪ್ರಶಸ್ತಿ ತಗೊಂಡ್ರು, ಅವರಿಗಿಲ್ಲದ ಮರ್ಯಾದೆ ಪ್ರಶ್ನೆ ಉಳಿದವರಿಗೆ ಯಾಕೆ?

ಇದೆಲ್ಲ ಹೊಸತೂ ಅಲ್ಲ ಮಾರಾಯ್ರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಆಟದಲ್ಲಿ ಹಾಸ್ಯಗಾರ ದೂತನ ವೇಷ ಹಾಕ್ಕೊಂಡು ಬಂದು ರಾಜನ ಭಂಡಾರದ ಲೆಕ್ಕ ಕೇಳುವ ನೆವದಲ್ಲಿ ಊರಿನ ಸೊಸೈಟಿಯ ಲೆಕ್ಕ ಎತ್ತಿದ್ರೆ, ಎದುರು ಚೇರಲ್ಲಿ ಕೂತ ದೊಡ್ಡ ಜನ ನಗಲೂ ಆಗದೆ ಏಳಲೂ ಆಗದೆ ಒದ್ದಾಡೂದನ್ನ ನೋಡಿಯೇ ನಾವು ದೊಡ್ಡವರಾದದ್ದು.

ಮತ್ತೆ, ನಗುವಿಂದ ಎಂತ ಆಗ್ತದೆ ಅಂತ ಕೇಳುವವರಿಗೆ ‘ಕಿಸ್ಸಾ ಕುರ್ಸೀ ಕಾ’ ಕಥೆ ಹೇಳ್ಬೇಕು. ಅಮೃತ್ ನಾಹಟಾ ಅಂತ ಕಾಂಗ್ರೆಸ್ ಎಂಪಿಯೇ ಅಧಿಕಾರದವರನ್ನ ಗೇಲಿ ಮಾಡಿ ತೆಗೆದ ಸಿನಿಮಾ, ತುರ್ತುಪರಿಸ್ಥಿತಿಯಲ್ಲಿ ಅದರ ಪ್ರಿಂಟ್, ನೆಗೆಟಿವ್ ಎಲ್ಲ ಹಿಡ್ಕೊಂಡು ಹೋಗಿ ಸುಟ್ಟು ಹಾಕಿದ್ರು. ಆ ಕೇಸಲ್ಲಿ 1979ರಲ್ಲಿ ಸಂಜಯ್ ಗಾಂಧಿಗೂ ತುರ್ತುಪರಿಸ್ಥಿತಿಯ ವಾರ್ತಾ ಮಂತ್ರಿ ವಿ.ಸಿ. ಶುಕ್ಲಾಗೂ ಶಿಕ್ಷೆ ಆಯ್ತು, ಆಮೇಲೆ ಸುಪ್ರೀಂ ಕೋರ್ಟಲ್ಲಿ ಬಿಟ್ಟು ಹೋಯ್ತು, ಅದು ಬೇರೆ ವಿಷಯ. ಪೊಕ್ಕಡೆ ತಮಾಷೆ ಆಗಿದ್ರೆ ಯಾರಾದ್ರೂ ಸೀಮೆಎಣ್ಣೆ ಖರ್ಚು ಮಾಡ್ತಾರಾ?

ಇನ್ನು ಕೆಲವರು ನಕ್ಕರೆ ಜನರ ಸಿಟ್ಟು ಇಳಿದು ಹೋಗ್ತದೆ, ಆಮೇಲೆ ಯಾರೂ ಪ್ರಶ್ನೆ ಕೇಳೂದಿಲ್ಲ ಅಂತಾರೆ. ಹಾಗಾದ್ರೆ ನಗದೆ ಎಂತ ಮಾಡ್ಬೇಕು, ಬಿಪಿ ಮಾತ್ರೆ ನುಂಗಿ ಮಲಗೂದಾ? ಅದೆಲ್ಲ ಸೆಮಿನಾರಿಗೆ ಹೋಗುವವರ ಮಾತು. ನಿಜ ಹೇಳ್ಬೇಕಂದ್ರೆ ಸಿನಿಮಾದವರು ಪಾಪ, ನಮ್ಮ ವಾಸ್ತವದ ಹತ್ರಕ್ಕೂ ಬರೂದಿಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಗೆಲುವಿನ ಅಂತರ 89 ವೋಟು, ಸತ್ತವರ ಹೆಸರಲ್ಲಿ ವೋಟು ಬಿದ್ದಿದೆ ಅಂತ ಕೇಸು ಹೈಕೋರ್ಟಿಗೆ ಹೋಯ್ತು, ಸಮನ್ಸ್ ಹಿಡ್ಕೊಂಡು ಹೋದಾಗ ‘ಸತ್ತ’ ಒಬ್ರು ಸ್ವತಃ ಬಂದು ಸೈನ್ ಹಾಕಿ ತಗೊಂಡ್ರು. ಇದನ್ನ ಯಾರಾದ್ರೂ ಸ್ಕ್ರಿಪ್ಟಲ್ಲಿ ಬರೆದಿದ್ರೆ ಓವರ್ ಆಯ್ತು ಅಂತ ನಾವೇ ಹೇಳ್ತಿದ್ವಿ.

ವಿರೋಧ: ಸರಿ, ಬರೀತೇನೆ
(ಕುಂಬಳೆಯಿಂದ, ಡಿಟಿಪಿ ಕೆಲಸದವ)

ಪರ ಬರೆಯೋರು ಆಗ್ಲೇ ಸಿಕ್ಕಿದ್ದಾರೆ ನೀನು ವಿರೋಧ ಬರಿ ಅಂದ್ರು, ಹಾಗಾಗಿ ಬರೀತಿದ್ದೇನೆ. ಪರದವರು ಖಂಡಿತ ಗುಂಡಿ ಸಿನಿಮಾದ ಬಗ್ಗೆ ಬರೆದಿರ್ತಾರೆ. ನಾನೂ ಎರಡು ಸಲ ನೋಡಿದ್ದೇನೆ, ಒಳ್ಳೇ ಸಿನಿಮಾ, ಆದ್ರೆ ಗುಂಡಿ ಮುಚ್ಚಿತಾ?

ವಿರೋಧಕ್ಕೆ ಕಾರಣ ಕೊಡ್ಬೇಕಲ್ಲ. ಒಂದು, ಈ ಕಾಮಿಡಿಗಳಲ್ಲಿ ಕಳ್ಳ ರಾಜಕಾರಣಿಯೇ ಎಲ್ಲರಿಗೂ ಇಷ್ಟ ಆಗುವ ಪಾತ್ರ, ಡೈಲಾಗ್ ಎಲ್ಲ ಅವನದ್ದೇ, ಲಂಚ ತಗೊಳ್ಳೂದೂ ಒಂದು ಸ್ಟೈಲ್ ಆಗಿ ಬಿಡ್ತದೆ. 2019ರಲ್ಲಿ ಕರ್ನಾಟಕದಲ್ಲಿ ಶಾಸಕರೆಲ್ಲ ರೆಸಾರ್ಟ್ ಸೇರಿ ಸರಕಾರವೇ ಬಿದ್ದು 17 ಜನ ಅನರ್ಹ ಆದ್ರಲ್ಲ, ಆಮೇಲೆ ಅಂಥದ್ದೇ ರೆಸಾರ್ಟ್ ಕಥೆ ‘ಹಂಬಲ್ ಪೊಲಿಟೀಷಿಯನ್ ನೋಗ್‌ರಾಜ್’ ವೆಬ್ ಸೀರೀಸಲ್ಲಿ ಬಂತು, ನಕ್ಕು ನಕ್ಕು ಸಾಕಾಯ್ತು, ಈಗ ರೆಸಾರ್ಟ್ ಅಂದ್ರೆ ನಂಗೆ ಸಿಟ್ಟೇ ಬರೂದಿಲ್ಲ, ನಗು ಬರ್ತದೆ. ಇನ್ನೊಂದು, ಆ ಸುಟ್ಟ ‘ಕಿಸ್ಸಾ ಕುರ್ಸೀ ಕಾ’ವನ್ನ 1978ರಲ್ಲಿ ಪುನಃ ತೆಗೆದು ಬಿಡುಗಡೆ ಮಾಡಿದ್ರು, 1980ಕ್ಕೆ ಅದೇ ಕಾಂಗ್ರೆಸ್ ವಾಪಸ್ ಬಂತು. ಕಾರಣ ಇಷ್ಟು ಸಾಕು ಅಂತ ಕಾಣ್ತದೆ.

ಇದು ಬರೀಬೇಕಾ ಬೇಡವಾ ಗೊತ್ತಿಲ್ಲ, ನನ್ನ ಸೋದರಮಾವ ಒಂದು ಅವಧಿಗೆ ಪಂಚಾಯತ್ ಮೆಂಬರ್ ಆಗಿದ್ರು. ವಾರ್ಡಿಗೆ 14 ಬೀದಿದೀಪ ಬಂತು, ಅದರಲ್ಲಿ ಐದು ಮಳೆಗಾಲದಲ್ಲಿ ಕೆಟ್ಟು ಹೋಯ್ತು, ದುಡ್ಡು ತಿಂದ್ರು ಅಂತ ಊರಲ್ಲಿ ಸುದ್ದಿ. ಯಾರೋ ಹುಡುಗರು ಒಂದು ಸಿನಿಮಾದ ಕಳ್ಳ ಮಂತ್ರಿಯ ಸೀನಿಗೆ ಮಾವನ ಮುಖ ಅಂಟಿಸಿ ವೀಡಿಯೋ ಮಾಡಿದ್ರು. ಬಸ್ ಸ್ಟ್ಯಾಂಡಲ್ಲಿ ಇಳಿದ್ರೆ ಆ ಡೈಲಾಗು, ಚಾ ಕುಡೀಲಿಕ್ಕೆ ಹೋದ್ರೆ ಆ ಡೈಲಾಗು. ಮಾವ ಯಾರ ಹತ್ರವೂ ಜಗಳ ಮಾಡ್ಲಿಲ್ಲ. ಮನೇಲಿ ಒಂದು ಗೆರೆ ಪುಸ್ತಕ ಇಟ್ಟಿದ್ರು, ಪ್ರತೀ ಬಲ್ಬಿನ ಬಿಲ್ಲಿಗೆ ಪಿನ್ ಹೊಡೆದು, ಪಕ್ಕದಲ್ಲಿ ಕಂಬ ಯಾರ ಮನೆ ಎದುರು ಅಂತ ಬರೆದು. ಅದನ್ನ ತೋರಿಸಿ ಅಂತ ಅತ್ತೆ ಹೇಳಿದ್ರು, ಯಾರಿಗೆ ತೋರಿಸೂದು, ಕೇಳಿದವರೇ ಇಲ್ಲ, ನಕ್ಕವರು ಮಾತ್ರ. ಆಮೇಲೆ ಅವರು ಚಾಗೆ ರೈಲ್ವೇ ಗೇಟಿನ ಆಚೆ ಹೋಗ್ಲಿಕ್ಕೆ ಶುರು ಮಾಡಿದ್ರು.

ದೊಡ್ಡ ಮಂತ್ರಿಗಳಿಗೆ ಈ ತಮಾಷೆ ತಾಗೂದಿಲ್ಲ, ಅವರ ಕಾರಿನ ಗ್ಲಾಸ್ ಏರಿಸಿಯೇ ಇರ್ತದೆ. ಮಾವ ಹೋಗೂದು ಬಸ್ಸಲ್ಲಿ.

ಹಾಗಂತ ಸಿನಿಮಾ ನಿಲ್ಲಿಸಿ ಅಂತ ಹೇಳೂದಾ? ನಂಗೆ ಅಷ್ಟು ಧೈರ್ಯ ಇಲ್ಲ, ಆ ವೀಡಿಯೋವನ್ನ ನಾನೂ ಎರಡು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೆ. ಒಂದು ದಿನ ಮಾವನೇ, ಅದೆಂತ ಮಾರಾಯ ತೋರಿಸು ನೋಡುವ ಅಂದ್ರು. ಫೋನ್ ದೂರ ಹಿಡಿದು ಕೊನೇ ತನಕ ನೋಡಿದ್ರು. “ಸೌಂಡ್ ಸರಿ ಇಲ್ಲ” ಅಂತ ವಾಪಸ್ ಕೊಟ್ರು.