ಸತ್ಯಾಂಶ: ಬಜೆಟ್ ನಿರ್ಣಯ ಪಾಸ್ ಆದ ದಿನವೇ ತೆರಿಗೆ ಇಳಿಯುತ್ತದೆಯೇ?

‘ಅಮೆರಿಕದ ಕೆಳಮನೆ ಬಜೆಟ್ ಪಾಸ್ ಮಾಡಿತು, ತೆರಿಗೆ ಕಡಿತ ಇವತ್ತಿಂದಲೇ ಜಾರಿ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು.

ಅಲ್ಲಿ ಬಜೆಟ್ ನಿರ್ಣಯ ಕಾನೂನೇ ಅಲ್ಲ. ಅಧ್ಯಕ್ಷರ ಸಹಿಗೂ ಹೋಗುವುದಿಲ್ಲ. ಸಂಸತ್ತಿನ ಎರಡು ಮನೆಗಳು, ಅಂದರೆ ಕೆಳಮನೆ ಮತ್ತು ಮೇಲ್ಮನೆಯಾದ ಸೆನೆಟ್, ಆದಾಯ-ಖರ್ಚಿಗೆ ತಮಗೆ ತಾವೇ ಹಾಕಿಕೊಳ್ಳುವ ಲೆಕ್ಕದ ಗೆರೆ, ಅಷ್ಟೇ.

2025ರ ಫೆಬ್ರವರಿಯನ್ನೇ ನೋಡಿ. ಕೆಳಮನೆಯ ನಿರ್ಣಯದಲ್ಲಿ 10 ವರ್ಷಕ್ಕೆ 4.5 ಲಕ್ಷ ಕೋಟಿ ಡಾಲರ್‌ವರೆಗಿನ ತೆರಿಗೆ ಕಡಿತಕ್ಕೆ ಜಾಗವಿತ್ತು. ಸೆನೆಟ್ ನಿರ್ಣಯದಲ್ಲಿ ಗಡಿ, ರಕ್ಷಣೆ, ಇಂಧನದ್ದೇ ಮಾತು. ತೆರಿಗೆ ವಿಷಯ ಆಮೇಲೆ ಅಂತ ಬಿಟ್ಟಿದ್ದರು. ಎರಡೂ ಕಡೆ ಒಂದೇ ಪಕ್ಷದ ಬಹುಮತ, ಆದರೂ ಇಷ್ಟು ಅಂತರ! ಏಪ್ರಿಲ್‌ನಲ್ಲಷ್ಟೇ ಇಬ್ಬರೂ ಒಂದೇ ನಿರ್ಣಯಕ್ಕೆ ಬಂದರು. ತೆರಿಗೆಯ ನಿಜವಾದ ಮಸೂದೆಗೆ ಅಧ್ಯಕ್ಷ ಟ್ರಂಪ್ ಸಹಿ ಬಿದ್ದದ್ದು ಜುಲೈ 4ರಂದು.