ಒಂದೇ ಶಾಕಪ್ ಬದಲಿಸಿಕೊಂಡು ಬರಬೇಡಿ

ಕಳೆದ ಜುಲೈಯಲ್ಲಿ ಧಾರವಾಡದಿಂದ ಪುಣೆಗೆ ಹಿಂದಿರುಗುವಾಗ, ಖಂಬಾಟ್ಕಿ ಸುರಂಗ ದಾಟಿದ ಕೂಡಲೇ ಬರುವ ಎಸ್ ಆಕಾರದ ತಿರುವಿನಲ್ಲಿ ನಮ್ಮ 2010ರ ಸ್ವಿಫ್ಟ್ ಕಾರು ನನ್ನನ್ನು ನಿಜವಾಗಿಯೂ ಹೆದರಿಸಿತು. ಮಳೆ ಜಿನುಗುತ್ತಿತ್ತು, ವೇಗ ಐವತ್ತರ ಒಳಗೇ ಇತ್ತು. ತೇಪೆ ಹಾಕಿದ ರಸ್ತೆಯ ಮೇಲೆ ಬ್ರೇಕ್ ಒತ್ತಿದಾಗ ಕಾರಿನ ಮುಂಭಾಗ ತಟಕ್ಕನೆ ಕೆಳಗೆ ಕುಸಿಯಿತು, ಬಲಗಡೆಯ ಮುಂದಿನ ಚಕ್ರ ನೆಲ ಬಿಟ್ಟು ಕುಣಿದ ಹಾಗಾಯಿತು, ಸ್ಟಿಯರಿಂಗ್ ತಿರುಗಿಸಿದ ಒಂದು ಗಳಿಗೆಯ ನಂತರ ಗಾಡಿ ತಿರುಗಿತು. ಹಿಂದೆ ಕುಳಿತಿದ್ದ ಅವ್ವ, "ಯಾಕೋ ತಮ್ಮಾ, ಗಾಡಿ ತೊಟ್ಲಾ ತೂಗಿದಂಗ ತೂಗಾಕತ್ತೈತಿ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಮುಂದೆ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಇತ್ತು. ಆ ಇಳುಕಲಿನಲ್ಲಿ ಎಷ್ಟು ಅಪಘಾತಗಳಾಗಿವೆ ಎಂಬುದು ಪುಣೆಯವರಿಗೆಲ್ಲ ಗೊತ್ತಿದೆ. ಹಿಂದೆ ಸಾಲು ಲಾರಿಗಳನ್ನು ಇಟ್ಟುಕೊಂಡು ಎರಡನೆಯ ಗೇರಿನಲ್ಲಿ ಅದನ್ನು ಇಳಿದು ಮನೆ ಸೇರಿದೆ.

ಮರುದಿನ ಬೆಳಿಗ್ಗೆ ಮುಂದಿನ ಟೈರುಗಳ ಮೇಲೆ ಅಂಗೈ ಆಡಿಸಿ ನೋಡಿದೆ. ಎಡಗಡೆಯದು ನುಣುಪಾಗಿ ಸಮನಾಗಿ ಸವೆದಿತ್ತು. ಬಲಗಡೆಯದು ಮುಳ್ಳು ಹೊಡೆಸಿದ ಬೀಸುಕಲ್ಲಿನ ಹಾಗೆ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ದಿಣ್ಣೆಯಾಗಿತ್ತು. ಚಕ್ರ ರಸ್ತೆಯ ಮೇಲೆ ಒಂದೇ ಸಮನೆ ಕೂರದೆ ಕುಪ್ಪಳಿಸುತ್ತ ಓಡಿದರೆ ರಬ್ಬರು ಸವೆಯುವುದು ಹೀಗೆಯೇ. ತಿಂಗಳುಗಟ್ಟಲೆ ಕಣ್ಣೆದುರಿಗಿದ್ದ ಸಾಕ್ಷಿಯನ್ನು ನಾನು ನೋಡಿರಲಿಲ್ಲ.

ಇದಕ್ಕೆ ಕಾರಣವಾದ ಕೆಲಸ ಅದಕ್ಕೂ ಒಂದು ವರ್ಷ ಹಿಂದೆ ನಡೆದಿತ್ತು. ಮುಂದಿನ ಎಡಗಡೆಯ ಶಾಕಪ್ (ಶಾಕ್ ಅಬ್ಸಾರ್ಬರ್) ಎಣ್ಣೆ ಸೋರುತ್ತಿದೆಯೆಂದು ಮನೆಯ ಹತ್ತಿರದ ಒಂದು ಗ್ಯಾರೇಜಿಗೆ ಗಾಡಿ ಒಯ್ದಿದ್ದೆ. "ಬಲಗಡೆಯದು ಒಣಗಿದೆ, ಚೆನ್ನಾಗಿದೆ, ಸುಮ್ಮನೆ ಯಾಕೆ ಖರ್ಚು ಮಾಡುತ್ತೀರಿ" ಎಂದು ಅವರು ಹೇಳಿದ್ದು ನನಗೆ ಪ್ರಾಮಾಣಿಕತೆಯ ಹಾಗೆ ಕಂಡಿತ್ತು. ಎಡಗಡೆಗೆ ಮಾತ್ರ ಹೊಸದನ್ನು ಹಾಕಿ, ಶಾಕಪ್ಪಿನ ತಲೆಯನ್ನು ಗಾಡಿಗೆ ಜೋಡಿಸುವ ಹಳೆಯ ಮೌಂಟಿಂಗು, ಹಳೆಯ ಬೇರಿಂಗುಗಳನ್ನೇ ಮತ್ತೆ ಕೂರಿಸಿ, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಲು ಹೇಳದೆ ಗಾಡಿಯನ್ನು ಕಳಿಸಿದರು. ಅಲ್ಲಿಂದ ನಮ್ಮ ಕಾರಿನ ಮುಂದಿನ ಎರಡು ಕಾಲುಗಳ ಬಲ ಬೇರೆ ಬೇರೆಯಾಯಿತು.

ಶಾಕಪ್ ಎಂದರೆ ಸೊಂಟಕ್ಕೆ ಕುಲುಕಾಟ ತಾಗದಿರಲೆಂದು ಹಾಕಿದ ಸುಖದ ವಸ್ತು ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಭಾರ ಹೊರುವುದು ಮತ್ತು ಗುಂಡಿಯ ಹೊಡೆತವನ್ನು ನುಂಗುವುದು ಸ್ಪ್ರಿಂಗ್. ಆದರೆ ಒಮ್ಮೆ ಅದುಮಿದ ಸ್ಪ್ರಿಂಗ್ ತಾನಾಗಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೊಳವೆಯೊಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಒತ್ತಾಯದಿಂದ ಹಾಯಿಸಿ, ಆ ಆಟದ ಶಕ್ತಿಯನ್ನು ಬಿಸಿಯಾಗಿ ಕರಗಿಸಿ, ಚಕ್ರವನ್ನು ಮತ್ತೆ ನೆಲಕ್ಕೆ ಅಂಟಿಸುವ ಕೆಲಸ ಶಾಕಪ್‌ನದು. ನೆಲ ಬಿಟ್ಟ ಚಕ್ರಕ್ಕೆ ಎಷ್ಟೇ ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿದರೂ ಅದು ಗಾಡಿಯನ್ನು ನಿಲ್ಲಿಸಲಾರದು. ಬ್ರೇಕ್ ಸವೆದಿದೆ ಎಂದರೆ ಅಂದೇ ಗ್ಯಾರೇಜಿಗೆ ಓಡುವ ನಾವು, ಶಾಕಪ್ ಹೋಗಿದೆ ಎಂದರೆ ದೀಪಾವಳಿ ಬೋನಸ್ ಬರಲಿ ಎನ್ನುತ್ತೇವೆ.

ಅದರಲ್ಲೂ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿನವುಗಳ ಮುಂಭಾಗಕ್ಕೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ, 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ವ್ಯವಸ್ಥೆ ಇದು. ಇದರಲ್ಲಿ ಮೇಲ್ಗಡೆ ಬೇರೆ ತೋಳು ಇಲ್ಲ. ಶಾಕಪ್ಪನ್ನು ಒಳಗಿಟ್ಟುಕೊಂಡು ಸ್ಪ್ರಿಂಗನ್ನು ಹೊತ್ತು ನಿಂತ ಸ್ಟ್ರಟ್ಟೇ ಚಕ್ರವನ್ನು ನೆಟ್ಟಗೆ ಹಿಡಿಯುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ ತಾನೂ ತಿರುಗುತ್ತದೆ. ಆದ್ದರಿಂದ ಅದು ಸವೆದರೆ ಕುಲುಕಾಟ ಹೆಚ್ಚುವುದಷ್ಟೇ ಅಲ್ಲ, ಚಕ್ರ ನಿಂತ ಕೋನವೂ ಸಡಿಲವಾಗುತ್ತದೆ.

ಎರಡನೆಯ ಸಲ ನಾನು ಹೋದದ್ದು ಧಾಯರಿಯ ಕಡೆ ಸಣ್ಣ ಶೆಡ್ಡು ಇಟ್ಟುಕೊಂಡಿರುವ, ಇಂಡಿ ತಾಲೂಕಿನಿಂದ ಬಂದು ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿರುವ ಮೇಸ್ತ್ರಿಯ ಬಳಿಗೆ. ಅವರು ಬಾನೆಟ್ಟಿನ ಎರಡೂ ಮೂಲೆಗಳನ್ನು ಒತ್ತಿ ಬಿಟ್ಟು ನೋಡಿದರು, ಆದರೆ ಅದನ್ನೊಂದನ್ನೇ ನಂಬಲಿಲ್ಲ. ಜಾಕ್ ಹಾಕಿ ಚಕ್ರ ಬಿಚ್ಚಿ, ಲಿಂಕ್ ರಾಡ್ ಅಲುಗಾಡಿಸಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಾದ ಲೋವರ್ ಆರ್ಮಿನ ರಬ್ಬರ್ ಬುಶ್ ಮತ್ತು ಬಾಲ್ ಜಾಯಿಂಟ್‌ಗೆ ಸಬ್ಬಲ್ ಕೊಟ್ಟು ಪರೀಕ್ಷಿಸಿದ ಮೇಲೆಯೇ ಶಾಕಪ್ ವಿಷಯಕ್ಕೆ ಬಂದರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸಣ್ಣ ಸಣ್ಣ ತಗ್ಗುಗಳಲ್ಲಿ ಬರುವ ಟಕಟಕ ಸದ್ದು ಎಷ್ಟೋ ಸಲ ಕೆಲವೇ ನೂರು ರೂಪಾಯಿಯ ಲಿಂಕ್ ರಾಡಿನದಾಗಿರುತ್ತದೆ. ಸದ್ದು ಬಂದ ಮಾತ್ರಕ್ಕೆ ಶಾಕಪ್ ಬದಲಿಸುವುದೂ ತಪ್ಪು.

ಒಂದೇ ಬದಲಿಸಿದ ಕಥೆ ಹೇಳಿದಾಗ ಅವರು, "ಒಂದ ಕಾಲಾಗ ಹೊಸಾ ಚಪ್ಪಲಿ, ಒಂದ ಕಾಲಾಗ ಹಳೀದ ಹಾಕ್ಕೊಂಡ ನಡದ್ರ ಹ್ಯಾಂಗ ಆಗ್ತದ್ರಿ ಸರ?" ಎಂದರು. ಬೇಸರದ ಸಂಗತಿಯೆಂದರೆ ವರ್ಷದ ಹಿಂದೆ ಹಾಕಿದ ಎಡಗಡೆಯ ಹೊಸ ಶಾಕಪ್ಪೂ ಸೋರತೊಡಗಿತ್ತು. ಅವರು ರಬ್ಬರಿನ ಹೊದಿಕೆಯನ್ನು ಮೇಲಕ್ಕೆ ಸರಿಸಿ, ಒಳಗಿನ ಹೊಳೆಯುವ ರಾಡಿನ ಮೇಲೆ ಉಗುರು ಗೀರಿದಂಥ ಎರಡು ಗೆರೆಗಳನ್ನು ತೋರಿಸಿದರು. ಮೇಲಿನ ನಟ್ ಬಿಗಿಮಾಡುವಾಗ ರಾಡು ತಿರುಗದಿರಲೆಂದು ಯಾರೋ ಅದನ್ನು ಪಕ್ಕಡಿನಿಂದ ಹಿಡಿದಿದ್ದರು. ಕನ್ನಡಿಯಂಥ ಆ ಕ್ರೋಮ್ ಲೇಪದ ಮೇಲೆ ಒಂದು ಗೀರು ಬಿದ್ದರೆ ಸಾಕು, ಗಾಡಿ ಕುಲುಕಿದಾಗಲೆಲ್ಲ ಅದು ಎಣ್ಣೆಯ ಸೀಲನ್ನು ಗರಗಸದ ಹಾಗೆ ಕೊಯ್ಯುತ್ತದೆ. ಅವಸರದಲ್ಲಿ ಹಿಡಿದ ಒಂದು ಹಿಡಿತ ನನ್ನ ಹೊಸ ಶಾಕಪ್ಪನ್ನು ಕೊಂದಿತ್ತು.

ಸಾಮಾನನ್ನು ನಾನೇ ನಾನಾ ಪೇಟೆಯಿಂದ ತಂದೆ. ಬಿಡಿಭಾಗಗಳಿಗೆ ಪುಣೆಯವರೆಲ್ಲ ಹೋಗುವ ಜಾಗ ಅದು. ಎಡ ಬಲ ಎರಡು ಸ್ಟ್ರಟ್, ಎರಡು ಮೌಂಟಿಂಗು, ಎರಡು ಬೇರಿಂಗು, ಬಂಪ್ ಸ್ಟಾಪ್, ಹೊದಿಕೆ ಎಲ್ಲ ಸೇರಿ ಎಂಟು ಸಾವಿರ ದಾಟಿತು. ಕೂಲಿ, ಅಲೈನ್‌ಮೆಂಟ್ ಬೇರೆ. ಮೌಂಟಿಂಗು ಬೇಡವೆಂದಿದ್ದರೆ ಒಂದೂವರೆ ಸಾವಿರ ಉಳಿಯುತ್ತಿತ್ತು, ಆದರೆ ಅದು ಹೋದಾಗ ಇದೇ ಕೆಲಸವನ್ನು ಇದೇ ಕೂಲಿ ಕೊಟ್ಟು ಮೊದಲಿನಿಂದ ಮಾಡಿಸಬೇಕಾಗುತ್ತದೆ. ಹಳೆಯ ಶಾಕಪ್‌ಗೆ ತೂತು ಕೊರೆದು, ಎಣ್ಣೆ ತುಂಬಿಸಿ, ಬೆಸುಗೆ ಹಾಕಿ ಕೊಡುವವರೂ ಇದ್ದಾರೆ. ಗ್ಯಾಸ್ ತುಂಬಿದ ಶಾಕಪ್‌ನ ಒಳಗೆ ಎಣ್ಣೆಯ ಜೊತೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ತೂತು ಕೊರೆದ ಕ್ಷಣಕ್ಕೆ ಅದು ಹೋಯಿತು. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಮೇಸ್ತ್ರಿ ಕೆಲಸ ಮಾಡಿದ ರೀತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಬ್ರೇಕ್ ಪೈಪನ್ನು ಸ್ಟ್ರಟ್ಟಿನಿಂದ ಬಿಡಿಸಿದ ಮೇಲೆ ಚಕ್ರ ಕೂರುವ ಹಬ್ಬು ಆ ಪೈಪಿಗೆ ಜೋತು ಬೀಳದಂತೆ ತಂತಿ ಕಟ್ಟಿ ನಿಲ್ಲಿಸಿದರು. ಸ್ಪ್ರಿಂಗಿನ ಎರಡೂ ಬದಿಗೆ ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ, ಸುತ್ತು ಸುತ್ತಾಗಿ ಸಮನಾಗಿ ಅದುಮಿ, ಅದು ತನ್ನ ಕುಳಿಯಲ್ಲಿ ಸಡಿಲವಾದದ್ದನ್ನು ಕೈಯಿಂದ ಖಾತ್ರಿ ಮಾಡಿಕೊಳ್ಳುವವರೆಗೂ ನಡುವಿನ ನಟ್ ಮುಟ್ಟಲಿಲ್ಲ. ಅದುಮಿದ ಸ್ಪ್ರಿಂಗ್ ಕೈತಪ್ಪಿದರೆ ಪ್ರಾಣವೇ ಹೋಗಬಹುದು. ಮನೆಯಂಗಳದಲ್ಲಿ ಹಗ್ಗ ಕಟ್ಟಿ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ಲೋವರ್ ಆರ್ಮಿನ ಬುಶ್ ಸವೆದಿದ್ದರಿಂದ ಅದನ್ನೂ ಬದಲಿಸಿದರು, ಮತ್ತು ಅದರ ಬೋಲ್ಟನ್ನು ಗಾಡಿ ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಮಾಡಿದರು. ಚಕ್ರ ಜೋತಾಡುವಾಗ ಬಿಗಿದರೆ ಬುಶ್ಶಿನ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಕೊನೆಗೆ ಅವರು ಬಲಗಡೆಯ ಹಳೆಯ ಶಾಕಪ್ಪನ್ನು, ಯಾವುದನ್ನು ಮೊದಲಿನ ಗ್ಯಾರೇಜಿನವರು "ಒಣಗಿದೆ, ಚೆನ್ನಾಗಿದೆ" ಎಂದು ಬಿಟ್ಟಿದ್ದರೋ ಅದನ್ನೇ, ನನ್ನ ಕೈಗೆ ಕೊಟ್ಟರು. ಹೊರಗೆ ಒಂದು ಹನಿ ಎಣ್ಣೆಯಿರಲಿಲ್ಲ. ನೆಲಕ್ಕೆ ಊರಿ ರಾಡನ್ನು ಒತ್ತಿದೆ. ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ ಒಳಗಿಳಿದು ಅಲ್ಲಿಯೇ ಉಳಿಯಿತು. ಹೊಸದರ ಪಟ್ಟಿ ಬಿಚ್ಚಿದಾಗ ಅದರ ರಾಡು ತಾನಾಗಿ, ಒಂದೇ ಸಮನೆ, ನಿಧಾನವಾಗಿ ಮೇಲೆದ್ದು ಬಂದದ್ದನ್ನು ನಾನು ಅರ್ಧ ಗಂಟೆಯ ಹಿಂದಷ್ಟೇ ನೋಡಿದ್ದೆ.

ಅಲೈನ್‌ಮೆಂಟ್ ಅಂದೇ ಮಾಡಿಸಿದೆ. ಬಲಗಡೆಯ ಟೈರು ಇನ್ನು ಸರಿಹೋಗುವಂತಿರಲಿಲ್ಲ, ಮುಂದಿನ ಎರಡನ್ನೂ ಬದಲಿಸಬೇಕಾಯಿತು. ಒಂದು ಶಾಕಪ್‌ನ ದುಡ್ಡು ಉಳಿಸಿದ್ದಕ್ಕೆ ತೆತ್ತ ಬೆಲೆ ಅದು. ಗಣೇಶ ಚೌತಿಗೆ ಮತ್ತೆ ಧಾರವಾಡಕ್ಕೆ ಹೋಗಿ ಬಂದೆವು. ಬರುವಾಗ ಅದೇ ತಿರುವಿನಲ್ಲಿ ಅವ್ವ ನಿದ್ದೆಯಲ್ಲಿದ್ದಳು. ಹಿಂದಿನ ಶಾಕಪ್‌ಗಳಿಗೂ ವಯಸ್ಸಾಗಿದೆ ಎಂದು ಮೇಸ್ತ್ರಿ ಹೇಳಿದ್ದಾರೆ. ಬರುವ ತಿಂಗಳು ಅವೆರಡನ್ನೂ ಒಟ್ಟಿಗೇ ಬದಲಿಸುತ್ತೇನೆ.